ಗಿಡ್ಡ ದಾರದ ಪರವಾಗಿ

"ಕೂಸೆ, ಇದೆಲ್ಲ ಇಲ್ಲಿ ಆಗ್ತಿಲ್ಲೆ. ಗೋಕರ್ಣದ ಬದಿಗೆ ಹೋಗು."

ಎರಡು ವರ್ಷಗಳಿಂದ ಈ ಮಾತು ಕೇಳುತ್ತಿದ್ದೇನೆ. ಹೇಳಿದವರಲ್ಲಿ ಪಕ್ಕದ ಮನೆಯ ಅಜ್ಜ ಇದ್ದಾರೆ, ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂರುವವರಿದ್ದಾರೆ, ಬಂಡಿಯ ಚೌಕಟ್ಟಿಗೆ ಬೆಸುಗೆ ಹಾಕಿಕೊಟ್ಟ ಶಿರಸಿಯ ವೆಲ್ಡಿಂಗ್ ಅಂಗಡಿಯವರಿದ್ದಾರೆ, ನನ್ನ ಜೊತೆಗೆ ಪಿಎಚ್‌ಡಿ ಮಾಡುತ್ತಿರುವವರೂ ಇದ್ದಾರೆ. ಧಾಟಿ ಬೇರೆ ಬೇರೆ, ತೀರ್ಪು ಒಂದೇ. ಗಾಳಿಪಟ ಎಳೆಯುವ ಬಂಡಿಗೆ ದೊಡ್ಡ ಬಯಲು ಬೇಕು. ಅಂಥ ಬಯಲು ನಮ್ಮಲ್ಲಿಲ್ಲ. ಆದ್ದರಿಂದ ಅದು ನಮಗೆ ಸೇರಿದ್ದಲ್ಲ. ಈ ಮೂರು ಮೆಟ್ಟಿಲಿನ ತರ್ಕದಲ್ಲಿ ಮೊದಲನೆಯದೇ ತಪ್ಪು ಎಂಬುದು ನನ್ನ ವಾದ. ಎರಡನೆಯದು ಅರ್ಧ ನಿಜ. ಮೂರನೆಯದರಿಂದ ಊರಿಗೆ ಕೇಡಿದೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬಂಡಿ ಅಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಹಿಂದೆ ಎರಡು ಚಕ್ರ, ಮುಂದೆ ಒಂದು. ನಡುವೆ ನೆಲಕ್ಕೆ ಗೇಣು ಎತ್ತರದಲ್ಲಿ ತೂಗುವ ಒಂದು ಆಸನ. ಕೂತು ಕಾಲು ಮುಂದೆ ಚಾಚಿದರೆ ಪಾದಗಳು ಮುಂದಿನ ಚಕ್ರದ ಅಡ್ಡಪಟ್ಟಿಯ ಮೇಲೆ ಬರುತ್ತವೆ. ತಿರುಗಿಸುವುದು ಪಾದದಿಂದಲೇ, ಯಾಕೆಂದರೆ ಎರಡೂ ಕೈ ಪಟದ ಹಿಡಿಕೆಗಳಲ್ಲಿ ಇರುತ್ತವೆ. ಎಂಜಿನ್ ಇಲ್ಲ, ಬ್ರೇಕೂ ಇಲ್ಲ. ನಿಲ್ಲಬೇಕಾದರೆ ಬಂಡಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ಪಟವನ್ನು ನೆತ್ತಿಯ ಮೇಲಕ್ಕೆ ಒಯ್ಯಬೇಕು. ಇಂಗ್ಲಿಷ್ ಹೆಸರು ಕೈಟ್ ಬಗ್ಗಿ. ನಮ್ಮ ಮನೆಯಲ್ಲಿ ಪಟದ ಬಂಡಿ. ವಿದೇಶದಲ್ಲಿ ಇದಕ್ಕೆ ಹಾಕುವ ಸಾಮಾನ್ಯ ಟೈರಿನ ಅಳತೆ 4.00-8. ನಮ್ಮ ಆಟೋರಿಕ್ಷಾದ ಟೈರಿನ ಅಳತೆಯೂ ಅದೇ ಎಂದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಮೂರು ಹಳೆಯ ಆಟೋ ಟೈರು, ನೀರಿನ ಪೈಪು, ಗೊಬ್ಬರದ ಚೀಲ ಮಡಿಸಿ ಹೊಲಿದ ಆಸನ. ಪಟವೊಂದನ್ನು ಮಾತ್ರ ಜರ್ಮನಿಯಲ್ಲಿ ಓದುವ ಗೆಳತಿ ಸೆಕೆಂಡ್ ಹ್ಯಾಂಡ್ ಕೊಂಡು ತಂದಳು: ಕಡ್ಡಿಯಿಲ್ಲದ, ಗಾಳಿ ತುಂಬಿಕೊಂಡು ದಿಂಬಿನ ಹಾಗೆ ಉಬ್ಬುವ, ಎರಡು ಚದರ ಮೀಟರಿನ ಬಟ್ಟೆಯ ಪಟ.

ಅದರ ಜೊತೆ ಬಂದ ದಾರ 25 ಮೀಟರ್ ಉದ್ದದ್ದು. ನಾನು ಅದನ್ನು 6 ಮೀಟರಿಗೆ ಕತ್ತರಿಸಿದೆ. ಗೆಳತಿ ಫೋನಿನಲ್ಲಿ ಅರ್ಧ ಗಂಟೆ ಬೈದಳು.

ಕತ್ತರಿಸಿದ್ದು ನಿಲ್ಕುಂದದ ಕಾರಣಕ್ಕೆ. ಸಿದ್ದಾಪುರ ತಾಲ್ಲೂಕಿನ, ಘಟ್ಟದ ಅಂಚಿಗೆ ಆತುಕೊಂಡಿರುವ ಊರು ನಮ್ಮದು. ಈ ಕಡೆಯ ಊರುಗಳ ನಕ್ಷೆ ಬರೆಯುವುದು ಸುಲಭ: ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಮೇಲ್ಗಡೆ ಮನೆ ಅಂಗಳ, ಹಿಂದೆ ಸೊಪ್ಪಿನ ಬೆಟ್ಟ, ಅಲ್ಲಲ್ಲಿ ಒಂದೊಂದು ಬೇಣ. ಬೇಣ ಗೊತ್ತಿಲ್ಲದವರಿಗೆ: ಹುಲ್ಲಿಗಾಗಿ ಬಿಟ್ಟ ನೆಲ. ಅಡಿಯಲ್ಲಿ ಚಿರೇಕಲ್ಲು, ಮೇಲೆ ತೆಳ್ಳಗೆ ಮಣ್ಣು, ಮಳೆಗಾಲದಲ್ಲಿ ಮೊಣಕಾಲೆತ್ತರದ ಹುಲ್ಲು, ಕೊಯ್ದ ಮೇಲೆ ಬೋಳು. ನಾನು ಬಂಡಿ ಓಡಿಸುವ ಬೇಣಕ್ಕೆ ಟೇಪು ಹಿಡಿದಿದ್ದೇನೆ. ತೆಂಕು-ಬಡಗು 52 ಮೀಟರ್, ಪೂರ್ವ-ಪಶ್ಚಿಮ 30 ಮೀಟರ್. ಪಶ್ಚಿಮಕ್ಕೆ ನೆಲ ಇಳಿಜಾರಾಗಿ ಬಿದ್ದುಹೋಗುತ್ತದೆ, ಪೂರ್ವಕ್ಕೆ ಅಕೇಶಿಯಾ. ಒಂದು ಬದಿಗೆ ಒಂದು ನೆಲ್ಲಿಮರ. ಮಾಘಮಾಸದಲ್ಲಿ ಮಧ್ಯಾಹ್ನ ಮೂರು ದಾಟಿದ ಮೇಲೆ ಘಟ್ಟದ ಕೆಳಗಿನಿಂದ ಗಾಳಿ ಹತ್ತಿ ಬರುತ್ತದೆ. ಎರಡು ತಾಸು ಇರುತ್ತದೆ, ಹೊತ್ತು ಇಳಿಯುತ್ತಿದ್ದಂತೆ ಹೋಗುತ್ತದೆ. ನನ್ನಲ್ಲಿರುವ ಬಂಡವಾಳ ಇಷ್ಟೇ. ಇಷ್ಟು ಸಾಕು ಎಂದು ನಾನು ಹೇಳುತ್ತಿರುವುದು ಸಮಾಧಾನಕ್ಕಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ.

ಲೆಕ್ಕ ಹೀಗಿದೆ. ನಿಂತವರ ಮುಂದೆ ಗಾಳಿ ಹೋಗುವ ದಿಕ್ಕಿಗೆ ಒಂದು ದೊಡ್ಡ ಗೋಳದ ಕಾಲುಭಾಗವನ್ನು ಕಲ್ಪಿಸಿಕೊಳ್ಳಿ. ಪಟ ಹಾರುವುದು ಆ ಗೋಳದ ಮೈಮೇಲೆ, ಎಡ ಅಂಚಿನಿಂದ ಬಲ ಅಂಚಿನವರೆಗೆ, ನೆಲದಿಂದ ನೆತ್ತಿಯವರೆಗೆ. ಗೋಳದ ತ್ರಿಜ್ಯ ಅಂದರೆ ದಾರದ ಉದ್ದ. ದಾರ 25 ಮೀಟರ್ ಇದ್ದರೆ ಈ ಅಂಚಿನಿಂದ ಆ ಅಂಚಿಗೆ 50 ಮೀಟರ್. ನನ್ನ ಇಡೀ ಬೇಣ ಅದರಲ್ಲೇ ಮುಗಿದುಹೋಗುತ್ತದೆ, ಬಂಡಿ ಓಡಲು ಏನೂ ಉಳಿಯುವುದಿಲ್ಲ. 6 ಮೀಟರ್ ಆದರೆ 12. ಕಬಡ್ಡಿಯ ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲ; ವಾಲಿಬಾಲಿನದು 18ಕ್ಕೆ 9. ಕಬಡ್ಡಿಗೆ ಜಾಗ ಇರುವ ಊರಿನಲ್ಲಿ ಈ ಪಟ ಆಡಿಸುವುದಕ್ಕೂ ಜಾಗ ಇದೆ. ಬಂಡಿ ಓಡಬೇಕಾದರೆ ಅಂಥ ಮೂರು ನಾಲ್ಕು ಅಂಕಣ ಸಾಲಾಗಿ ಬೇಕು. ಅಂಥ ಜಾಗ ನಮ್ಮಲ್ಲಿ ಒಂದಲ್ಲ, ಹತ್ತಿವೆ.

ಇನ್ನೊಂದು ಲೆಕ್ಕ, ಇದನ್ನು ಹೆದರುವವರಿಗಾಗಿ. ಪಟ ಕೈ ತಪ್ಪಿ ಬಿದ್ದರೆ ಎಲ್ಲಿ ಬೀಳಬಹುದು? ದಾರದ ಉದ್ದದ ವೃತ್ತದೊಳಗೆ. 25 ಮೀಟರಿನ ವೃತ್ತದ ವಿಸ್ತೀರ್ಣ 1,960 ಚದರ ಮೀಟರಿಗೂ ಸ್ವಲ್ಪ ಹೆಚ್ಚು. 6 ಮೀಟರಿನದು 113. ದಾರ ನಾಲ್ಕು ಪಟ್ಟು ಕಿರಿದಾದರೆ ಭಯಪಡಬೇಕಾದ ಜಾಗ ಹದಿನೇಳು ಪಟ್ಟು ಕಿರಿದಾಗುತ್ತದೆ. ನಾನು ಪಟ ಎತ್ತುವ ಮೊದಲು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತೇನೆ, ಆ ಗೆರೆಯೊಳಗೆ ಯಾರೂ ಬರುವ ಹಾಗಿಲ್ಲ, ನಾಯಿಯೂ. 25 ಮೀಟರಿನ ದಾರ ಹಿಡಿದು ಹೀಗೆ ಗೆರೆ ಎಳೆಯುತ್ತೇನೆಂದು ಹೊರಟರೆ ಊರಿನ ಸುಣ್ಣವೆಲ್ಲ ಖಾಲಿ.

ವಿದ್ಯುತ್ ತಂತಿಯ ವಿಷಯವೂ ಇದೆ. ದಾರದ ಹತ್ತು ಪಟ್ಟು ದೂರದೊಳಗೆ ತಂತಿ ಇರಕೂಡದು ಎಂದು ನನಗೆ ನಾನೇ ಮಾಡಿಕೊಂಡ ನಿಯಮ. 6 ಮೀಟರಿನ ದಾರಕ್ಕೆ 60 ಮೀಟರ್ ಬಿಟ್ಟರಾಯಿತು. 25 ಮೀಟರಿಗೆ 250 ಮೀಟರ್ ಬಿಡಬೇಕು. ಒಂದೊಂದು ಮನೆಗೂ ಒಂದೊಂದು ಗುಡ್ಡ ದಾಟಿಕೊಂಡು ತಂತಿ ಹೋಗುವ ನಮ್ಮ ಕಡೆ ಅಂಥ ಬೋಳು ನೆಲ ತೋರಿಸಿದವರಿಗೆ ನಾನು ಒಂದು ಬಾಳೆಗೊನೆ ಕೊಡುತ್ತೇನೆ.

ಈಗ ಎದುರುವಾದ. ಇದು ಬಡವರ ಆವೃತ್ತಿ, ಅಸಲಿ ಆಟ ಉದ್ದ ದಾರದ್ದು, ನೀನು ಅನಿವಾರ್ಯವನ್ನು ಸದ್ಗುಣ ಮಾಡುತ್ತಿದ್ದೀಯ ಅನ್ನುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ನೆಲದ ಹತ್ತಿರ ಗಾಳಿ ಮಂದ. ಮರ, ಹುಲ್ಲು, ದಿಬ್ಬ ಎಲ್ಲವೂ ಅದನ್ನು ತಡೆಯುತ್ತವೆ. ಮೇಲೆ ಹೋದಂತೆ ಬಿರುಸಾಗುತ್ತದೆ. ಎಂಜಿನಿಯರುಗಳು ಬಯಲು ನೆಲಕ್ಕೆ ಬಳಸುವ ಸೂತ್ರದ ಪ್ರಕಾರ 20 ಮೀಟರ್ ಎತ್ತರದ ಗಾಳಿಗೆ ಹೋಲಿಸಿದರೆ 5 ಮೀಟರ್ ಎತ್ತರದ ಗಾಳಿಯ ವೇಗ ಸುಮಾರು ಶೇಕಡ 18 ಕಡಿಮೆ. ಪಟದ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಎಳೆತದಲ್ಲಿ ಮೂರನೇ ಒಂದು ಭಾಗ ಹೋಯಿತು. ಅಡಿಕೆ ಮರ, ಅಕೇಶಿಯಾ ಇರುವ ಕಡೆ ನಷ್ಟ ಇನ್ನೂ ಜಾಸ್ತಿ. ಅಲ್ಲದೆ ಗಿಡ್ಡ ದಾರದ ಗಾಳಿ ನೇರ ಬರುವುದಿಲ್ಲ, ಮುರಿದು ಮುರಿದು ಬರುತ್ತದೆ. ತೋಟದ ಪಕ್ಕದಲ್ಲಂತೂ ಪಟ ಎತ್ತಲೇಬಾರದು. ನನ್ನ ಪಟ ದಿನಕ್ಕೆ ಎಂಟು ಹತ್ತು ಸಲ ಮುದುಡಿ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬೀಳುತ್ತದೆ.

ಆದರೆ 'ಅಸಲಿ' ಎಂಬ ಪದವನ್ನು ನಾನು ಒಪ್ಪುವುದಿಲ್ಲ. ಈ ಆಟಕ್ಕೆ ಅಸಲು ಯಾವುದು? ಚರಿತ್ರೆ ನೋಡಿದರೆ ಮೊದಲು ಸಿಗುವವನು ಇಂಗ್ಲೆಂಡಿನ ಬ್ರಿಸ್ಟಲಿನ ಶಾಲಾಮಾಸ್ತರ ಜಾರ್ಜ್ ಪೋಕಾಕ್. ಕ್ರಿಕೆಟಿನ ಡಬ್ಲ್ಯು. ಜಿ. ಗ್ರೇಸ್ ಇದ್ದಾನಲ್ಲ, ಅವನ ತಾಯಿಯ ತಂದೆ. ಪಟ ಎಳೆಯುವ ಗಾಡಿಗೆ 1826ರಲ್ಲಿ ಪೇಟೆಂಟು ಪಡೆದ, ಮರುವರ್ಷ ಅದರ ಮೇಲೆ ಒಂದು ಪುಸ್ತಕವನ್ನೂ ತಂದ. ಹಲವರನ್ನು ಕೂರಿಸಿಕೊಂಡು ಗಂಟೆಗೆ ಇಪ್ಪತ್ತು ಮೈಲಿಯ ಆಸುಪಾಸಿನಲ್ಲಿ ಓಡುತ್ತಿತ್ತಂತೆ. ಕುದುರೆ ಇಲ್ಲದ ಗಾಡಿಗೆ ಸುಂಕದ ಕಟ್ಟೆಯವರು ಯಾವ ದರ ಹಾಕಬೇಕೆಂದು ತಿಳಿಯದೆ ಬಿಟ್ಟುಬಿಡುತ್ತಿದ್ದರು ಎಂಬ ಕತೆಯೂ ಇದೆ. ಅವನ ದಾರ 1,500 ಅಡಿಗೂ ಉದ್ದ. ಮರಗಳ ಸಾಲಿನ ನಡುವಿನ ರಸ್ತೆಯಲ್ಲಿ ಹೋಗಬೇಕಾದರೆ ಪಟ ಮರಗಳ ಮೇಲಿರಬೇಕು, ಆದ್ದರಿಂದ ಆ ಉದ್ದ. ಅವನ ಕಾಲಕ್ಕೆ ರಸ್ತೆಯ ಮೇಲೆ ತಂತಿ ಇರಲಿಲ್ಲ. ಅವನು ತನ್ನ ಊರಿಗೆ, ತನ್ನ ಕಾಲಕ್ಕೆ ಹೊಂದುವ ದಾರ ಕಟ್ಟಿಕೊಂಡ. ಅಷ್ಟು ಉದ್ದದ ದಾರ ಇವತ್ತಿನ ಕಡಲತೀರದ ಬಂಡಿಗಳಲ್ಲಿ ಯಾರಿಗೂ ಇಲ್ಲ. ಹಾಗಾದರೆ ಅವರೆಲ್ಲ ನಕಲಿಯೇ?

ಈಗಿನ ಮೂರು ಚಕ್ರದ ರೂಪ ಬಂದದ್ದು 1990ರ ಸುಮಾರಿಗೆ, ನ್ಯೂಜಿಲೆಂಡಿನ ಆಶ್‌ಬರ್ಟನ್ ಊರಿನ ಪೀಟರ್ ಲಿನ್ ಎಂಬ ಪಟತಯಾರಕನಿಂದ. ಅಲ್ಲಿಂದ ಇದು ಯುರೋಪಿನ ಕಡಲತೀರಗಳಿಗೆ, ಅಮೆರಿಕದ ನೆವಾಡ ಗಡಿಯ ಇವಾನ್ಪಾ ಎಂಬ ಒಣಗಿದ ಕೆರೆಯಂಗಳಕ್ಕೆ ಹೋಯಿತು. ಗಂಟೆಗೆ 100 ಕಿಲೋಮೀಟರ್ ಮೀರಿ ಓಡಿದವರಿದ್ದಾರೆ. ಯೂಟ್ಯೂಬಿನಲ್ಲಿ ಕಾಣುವುದು ಅವರೇ. ಆ ವಿಡಿಯೋಗಳನ್ನು ನೋಡಿದ ನಮ್ಮವರು ಕಡಲತೀರವನ್ನೇ ಆಟ ಅಂದುಕೊಂಡಿದ್ದಾರೆ. ಅದೇ ಯುರೋಪಿನಲ್ಲಿ ಗಾಳಿಯೇ ಇಲ್ಲದ ಸಭಾಂಗಣದೊಳಗೆ ಮೂರು ನಾಲ್ಕು ಮೀಟರಿನ ದಾರದಲ್ಲಿ, ಹಾರಿಸುವವರು ಹಿಂದೆ ಹೆಜ್ಜೆ ಇಡುತ್ತ ತಾವೇ ಗಾಳಿ ಹುಟ್ಟಿಸಿಕೊಂಡು ಪಟ ಆಡಿಸುತ್ತಾರೆ. ಆ ವಿಡಿಯೋ ಯಾರೂ ನನಗೆ ಕಳಿಸಿಲ್ಲ.

ಗಿಡ್ಡ ದಾರದಲ್ಲಿ ಎಳೆತ ಕಡಿಮೆ ಅಂದೆ. ಬದಲಿಗೆ ಏನು ಬರುತ್ತದೆ ಎಂಬುದು ಆಡಿದವರಿಗೆ ಮಾತ್ರ ಗೊತ್ತು. ಪಟ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತಿದೆ ಅನ್ನಿ. 25 ಮೀಟರಿನ ದಾರದಲ್ಲಿ ಎಡ ಅಂಚಿನಿಂದ ನೆತ್ತಿ ಹಾಯ್ದು ಬಲ ಅಂಚಿಗೆ ಬರಲು ಅದಕ್ಕೆ ಸುಮಾರು ಎಂಟು ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಮೂಗು ಒರೆಸಿಕೊಳ್ಳಬಹುದು. 6 ಮೀಟರಿನ ದಾರದಲ್ಲಿ ಎರಡು ಸೆಕೆಂಡಿಗೂ ಕಡಿಮೆ. ಹಾಗಾಗಿ ಕೈ ಸುಮ್ಮನಿರುವಂತೆಯೇ ಇಲ್ಲ. ಎಡ, ಬಲ, ಎಡ, ಎಂಟರ ಆಕಾರದಲ್ಲಿ ಪಟವನ್ನು ಸತತ ತಿರುಗಿಸುತ್ತಲೇ ಇರಬೇಕು. ನಿಂತ ಪಟಕ್ಕೆ ಎಳೆತವಿಲ್ಲ, ಓಡುವ ಪಟಕ್ಕೆ ಇದೆ. ಬೆರಳು ಒಂದಿಂಚು ಅಲುಗಿದರೆ ಪಟಕ್ಕೆ ಅದೇ ಕ್ಷಣ ತಿಳಿಯುತ್ತದೆ. ಜೊತೆಗೆ 52 ಮೀಟರಿನ ಬೇಣದಲ್ಲಿ ಬಂಡಿ ವೇಗ ಹಿಡಿಯುತ್ತಿದ್ದಂತೆ ಇನ್ನೊಂದು ತುದಿ ಬಂದುಬಿಡುತ್ತದೆ: ಪಾದದಿಂದ ತಿರುವು, ಅದೇ ಹೊತ್ತಿಗೆ ಕೈಯಿಂದ ಪಟದ ತಿರುವು, ಆ ಅರೆಕ್ಷಣದಲ್ಲಿ ದಾರ ಸಡಿಲವಾಗದಂತೆ ನೋಡಿಕೊಳ್ಳುವುದು. ಇವಾನ್ಪಾದಲ್ಲಿ ಮೈಲಿಗೊಂದು ತಿರುವು ಬಂದೀತು. ನನಗೆ ಒಂದು ತಾಸಿನಲ್ಲಿ ನೂರು ತಿರುವು. ಗೆಳತಿ ಕಳೆದ ಫೆಬ್ರವರಿಯಲ್ಲಿ ಬಂದಿದ್ದಳು, ಉತ್ತರ ಸಮುದ್ರದ ತೀರದಲ್ಲಿ ಐದು ವರ್ಷ ಓಡಿಸಿದವಳು. ನಮ್ಮ ಬೇಣದಲ್ಲಿ ಮೂರನೇ ತಿರುವಿಗೇ ನೆಲ್ಲಿಮರಕ್ಕೆ ಪಟ ಸಿಕ್ಕಿಸಿದಳು. ಬೈಗುಳದ ಸಾಲ ಅಂದು ತೀರಿತು.

ಇದೇ ಜನ ಯಕ್ಷಗಾನ ನೋಡುವವರು ಎಂಬುದು ನನಗೆ ಅರ್ಥವಾಗದ ಸಂಗತಿ. ನಾಲ್ಕು ಕಂಬದ ನಡುವಿನ ರಂಗಸ್ಥಳ ನಮ್ಮ ಮನೆಯ ಜಗಲಿಗಿಂತ ಹೆಚ್ಚು ದೊಡ್ಡದಿರುವುದಿಲ್ಲ. ಅಷ್ಟರಲ್ಲೇ ಕಾಡು, ಕಡಲು, ಕುರುಕ್ಷೇತ್ರ. ಮಂಡಿ ಊರಿ ಗಿರಗಿರನೆ ತಿರುಗುವ ವೇಷಧಾರಿ ಎಂದಾದರೂ ಜಾಗ ಸಾಲದೆಂದು ಹಿಮ್ಮೇಳದವರ ಮೇಲೆ ಬಿದ್ದದ್ದನ್ನು ಕಂಡಿದ್ದೇವೆಯೇ? ತಾಳಮದ್ದಲೆಯಲ್ಲಂತೂ ಕುಣಿತವೂ ಇಲ್ಲ, ವೇಷವೂ ಇಲ್ಲ. ಜಮಖಾನೆಯ ಮೇಲೆ ಕೂತವರ ಮಾತಿನಲ್ಲೇ ಲಂಕೆ ಸುಡುತ್ತದೆ. ರಾತ್ರಿ ಇದನ್ನು ಒಪ್ಪಿ ತಲೆದೂಗಿದವರು ಬೆಳಿಗ್ಗೆ ಎದ್ದು ಮೂವತ್ತು ಮೀಟರಿನ ಬೇಣ ಸಾಲದು ಅನ್ನುತ್ತಾರೆ.

ನನ್ನ ಸಂಶೋಧನೆಯೂ ಮೂರು ಹಳ್ಳಿಗಳ ತಾಳಮದ್ದಲೆ ಕೂಟಗಳ ಮೇಲೆ. ಒಂದು ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು "ಕ್ಯಾನ್ವಾಸ್ ಚಿಕ್ಕದಾಯಿತಲ್ಲ, ಕರಾವಳಿ ಮಲೆನಾಡು ಎರಡನ್ನೂ ಸೇರಿಸಿಕೊಳ್ಳಿ" ಎಂದರು. ಸೇರಿಸಿಕೊಂಡರೆ ನನಗೆ ಪ್ರತಿ ಕೂಟಕ್ಕೂ ಒಂದೊಂದು ರಾತ್ರಿ ಸಿಗುತ್ತದೆ; ಮೂರೇ ಹಳ್ಳಿಯಾದ್ದರಿಂದ ಒಬ್ಬ ಅರ್ಥಧಾರಿ ಒಂದೇ ಪ್ರಸಂಗವನ್ನು ಆರು ಸಲ ಆರು ಬಗೆಯಲ್ಲಿ ಹೇಳಿದ್ದು ಸಿಕ್ಕಿದೆ. ಇದನ್ನು ಅವರಿಗೆ ಹೇಳಿದೆ. ನಕ್ಕರು. ನಮ್ಮ ಸಾಹಿತ್ಯದ ಮಾತುಕತೆಯಲ್ಲಿ 'ವಿಶಾಲ', 'ಬೃಹತ್', 'ಹರಹು' ಇವೆಲ್ಲ ಹೊಗಳಿಕೆಯ ಪದಗಳಾಗಿ ಎಷ್ಟು ಕಾಲವಾಯಿತೋ. ಹರಹು ಚಿಕ್ಕದಿರುವಲ್ಲಿ ತಿರುವು ಹೆಚ್ಚು ಎಂಬುದನ್ನು ಬಂಡಿಯ ಮೇಲೆ ಕೂತು ಕಲಿತದ್ದು ನಾನು, ಗ್ರಂಥಾಲಯದಲ್ಲಿ ಕಲಿತದ್ದಲ್ಲ. ಇರಲಿ, ಬೇಣಕ್ಕೆ ಮರಳುತ್ತೇನೆ.

ಅಪಾಯದ ಪ್ರಶ್ನೆ ಗಂಭೀರವಾದದ್ದು. ಗಾಳಿಪಟ ಎಂದ ಕೂಡಲೆ ಜನರಿಗೆ ನೆನಪಾಗುವುದು ಮಾಂಜಾ, ಕುತ್ತಿಗೆ ಕೊಯ್ದ ಸುದ್ದಿ. ಗಾಜಿನ ಪುಡಿ ಹಚ್ಚಿದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿತು. ಆದರೂ ಪ್ರತಿ ಸಂಕ್ರಾಂತಿಗೆ ಸುದ್ದಿ ಬರುತ್ತಲೇ ಇದೆ. ಅದು ಇನ್ನೊಬ್ಬರ ದಾರ ಕತ್ತರಿಸುವ ಆಟ, ರಸ್ತೆಯ ಮೇಲೆ ಅಡ್ಡವಾಗಿ ನೂರಾರು ಮೀಟರ್ ಹರಡುವ ಆಟ. ಪಟದ ಬಂಡಿಯಲ್ಲಿ ಕತ್ತರಿಸುವುದಕ್ಕೆ ಯಾರೂ ಇಲ್ಲ. ದಾರಕ್ಕೆ ಗಾಜು ಹಚ್ಚುವುದಿಲ್ಲ, ಕೊನೆಯವರೆಗೂ ಅದು ಕೈಯಲ್ಲೇ ಇರುತ್ತದೆ. ಹಾಗೆಂದು ಇದು ಮಕ್ಕಳಾಟಿಕೆ ಅಲ್ಲ. ಬಿಗಿಯಾದ ದಾರ ಬರಿಮೈಗೆ ಉಜ್ಜಿದರೆ ಸುಡುತ್ತದೆ, ಕೊಯ್ಯಲೂಬಹುದು. ಹೋದ ಏಪ್ರಿಲಿನಲ್ಲಿ ಅಡ್ಡಮಳೆಯ ಮೋಡ ಕಟ್ಟುತ್ತಿದ್ದಾಗ ಇನ್ನೊಂದು ಸುತ್ತು ಅಂದುಕೊಂಡು ಪಟ ಎತ್ತಿದೆ. ಒಂದೇ ಬೀಸಿಗೆ ಬಂಡಿ ಮಗುಚಿತು, ಎಡ ಮಣಿಕಟ್ಟು ಮೂರು ವಾರ ಕಟ್ಟಿನಲ್ಲಿತ್ತು. ತಪ್ಪು ನನ್ನದು: ಗುಡುಗಿನ ಮೋಡ ಕಂಡ ಮೇಲೆ ಪಟ ಎತ್ತಬಾರದು, ದಾರ ಗಿಡ್ಡವಿರಲಿ ಉದ್ದವಿರಲಿ. ಆದರೆ 25 ಮೀಟರಿನ ದಾರವಿದ್ದಿದ್ದರೆ ಆ ಬೀಸು ನನ್ನನ್ನು ಅಕೇಶಿಯಾ ಮರಗಳ ತನಕ ಎಳೆದೊಯ್ಯುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

(ನಮ್ಮ ಹಳೆಯ 1934ರ ವಿಮಾನ ಕಾಯಿದೆಯಲ್ಲಿ 'ವಿಮಾನ' ಎಂಬ ಪದದ ವ್ಯಾಖ್ಯೆಯೊಳಗೆ ಗಾಳಿಪಟವೂ ಸೇರಿತ್ತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗ ಇದನ್ನು ಓದಿ, ಪೈಲಟ್ ಆಗಿಯೇ ಗಾಯಗೊಂಡೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ನಗಲಿಲ್ಲ.)

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ನಾನು ಕೇಳಲು ಹೋದದ್ದು ಮುಚ್ಚಿಹೋದ ಒಂದು ಶಾಲೆಯ ಮೈದಾನವನ್ನು. ಯಾವ ಊರಿನದು ಎಂದು ಬರೆಯುವುದಿಲ್ಲ; ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಂಥವು ಒಂದೆರಡಲ್ಲ, ಯಾರು ಬೇಕಾದರೂ ತಮ್ಮೂರಿನದು ಅಂದುಕೊಳ್ಳಬಹುದು. ಮಕ್ಕಳು ಸಾಲದೆ ಬಾಗಿಲು ಹಾಕಿದ ಶಾಲೆ. ಮೈದಾನದಲ್ಲಿ ಹುಲ್ಲು, ಬಸವಿಳಿದ ಧ್ವಜಕಟ್ಟೆ, ಗೇಟಿಗೆ ಬೀಗ. ಸುತ್ತಲಿನ ಏಳೆಂಟು ಮಕ್ಕಳಿಗೆ ಭಾನುವಾರ ಎರಡು ತಾಸು ಪಟ ಆಡಿಸುವುದನ್ನು ಕಲಿಸುತ್ತೇನೆ, ಮೊದಲ ಆರು ತಿಂಗಳು ಬಂಡಿಯೇ ಇಲ್ಲ, ನಿಂತುಕೊಂಡು 6 ಮೀಟರ್ ದಾರದ ಪಟ ಮಾತ್ರ, ಹೆಲ್ಮೆಟ್ಟು ನಾನೇ ತರುತ್ತೇನೆ ಎಂದೆ. ಬೀಗದ ಕೈ ಇದ್ದವರು ಹಾಳೆ ಓದಿದರು. ಮೂರು ಕಾರಣ ಕೊಟ್ಟರು. ಒಂದು, ಅಪಾಯ. ಎರಡು, ಜಾಗ ಸಾಲದು. ಮೂರನೆಯದನ್ನು ಆಮೇಲೆ ಹೇಳುತ್ತೇನೆ. ಅದೇ ಮೈದಾನದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಸುವುದಕ್ಕೆ ವರ್ಷಕ್ಕೊಮ್ಮೆ ಬೀಗ ತೆಗೆಯುತ್ತದೆ. ಅಂದು ಮುನ್ನೂರು ಜನ, ನಾಲ್ಕು ಸ್ಪೀಕರು, ಎರಡು ಆಮ್ಲೆಟ್ ಗಾಡಿ. ಅದಕ್ಕೆ ಜಾಗ ಸಾಲುತ್ತದೆ. ವಾಲಿಬಾಲಿನ ಮೇಲೆ ನನಗೆ ಕೋಪವಿಲ್ಲ, ಉಳಿದ 364 ದಿನಗಳ ಬೀಗದ ಮೇಲೆ ಇದೆ.

ಜಾಗ ಸಾಲದು ಎಂಬ ಮಾತು ಅಲ್ಲಿಗೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದು ನಿಲ್ಲುವುದಿಲ್ಲ. ನನ್ನ ಬಂಡಿಯ ವಿಡಿಯೋ ನೋಡಿ ಹೋಮ್‌ಸ್ಟೇ ನಡೆಸುವವರೊಬ್ಬರು ಬಂದಿದ್ದರು. ಬಹಳ ಉತ್ಸಾಹ. "ಇದು ಚೆಂದ ಇದೆ ಮೇಡಂ, ಆದ್ರೆ ಸಣ್ಣದಾಯ್ತು. ಮೇಲಿನ ಗುಡ್ಡದ ತಲೆ ಸಪಾಟು ಮಾಡಿಸಿದ್ರೆ ಇನ್ನೂರು ಮೀಟರ್ ಟ್ರ್ಯಾಕ್ ಆಗ್ತದೆ. ಜೆಸಿಬಿಗೆ ಎರಡು ದಿನದ ಕೆಲಸ." ಅವರು ಕೆಟ್ಟವರಲ್ಲ. ಇನ್ನೂರು ಮೀಟರ್ ಇದ್ದರೆ ಉದ್ದ ದಾರ, ಉದ್ದ ದಾರವಿದ್ದರೆ ದೊಡ್ಡ ಪಟ, ದೊಡ್ಡ ಪಟವಿದ್ದರೆ ಫೋಟೋ, ಫೋಟೋ ಇದ್ದರೆ ಬುಕಿಂಗ್ ಎಂದು ಅವರ ಲೆಕ್ಕ ನನ್ನದಕ್ಕಿಂತ ಸರಳವಾಗಿತ್ತು. ಮಳೆಗಾಲದಲ್ಲಿ ಗುಡ್ಡ ಜಾರುವ ಈ ಜಿಲ್ಲೆಯಲ್ಲಿ ಗುಡ್ಡದ ತಲೆ ಕೆರೆಯುವ ಮಾತನ್ನು ಚಹಾ ಕುಡಿಯುತ್ತ ಆಡಿ ಹೋದರು. ಜಾಗ ಇಲ್ಲ ಎಂದು ನಂಬಿದವರು ಎರಡೇ ಕೆಲಸ ಮಾಡಬಲ್ಲರು: ಬಿಟ್ಟು ಹೋಗುವುದು ಅಥವಾ ಜೆಸಿಬಿ ಕರೆಸುವುದು. ದಾರ ಕತ್ತರಿಸಿಕೊಳ್ಳಬಹುದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಇನ್ನೊಂದು ಕಡೆ, ನಿಜವಾಗಿ ಇದ್ದ ಬಯಲುಗಳು ಸದ್ದಿಲ್ಲದೆ ಹೋಗುತ್ತಿವೆ. ಅಡಿಕೆಗೆ ದರ ಬಂದ ವರ್ಷಗಳಲ್ಲಿ ಗದ್ದೆಗಳಿಗೆ ಮಣ್ಣು ತುಂಬಿ ಸಸಿ ನೆಟ್ಟರು. ಸುಗ್ಗಿ ಮುಗಿದ ಮೇಲೆ ಮಕ್ಕಳು ಚಿಣ್ಣಿದಾಂಡು ಆಡುತ್ತಿದ್ದ ಕೊಯ್ಲಾದ ಗದ್ದೆ ನನ್ನ ತಮ್ಮನ ವಯಸ್ಸಿನವರಿಗೇ ನೆನಪಿಲ್ಲ. 2008ರಲ್ಲಿ 'ಗಾಳಿಪಟ' ಸಿನಿಮಾ ಬಂದಾಗ ನಾವು ಪೇಪರಿಗೆ ಅನ್ನ ಮೆತ್ತಿ ಪಟ ಮಾಡಿ ಹಾರಿಸಿದ ಗದ್ದೆ ಈಗ ಅಡಿಕೆ ಕೊಡುತ್ತಿದೆ. ಅದರ ದುಡ್ಡಿನಲ್ಲಿ ನಾನು ಓದಿದ್ದೇನೆ, ಆದ್ದರಿಂದ ಹೆಚ್ಚು ಮಾತಾಡುವುದಿಲ್ಲ. ಬೇಣಗಳದ್ದು ಬೇರೆ ಕತೆ. ಹುಲ್ಲಿನ ನೆಲವನ್ನು ಕಡತದಲ್ಲಿ ಪಾಳು ಎಂದು ಬರೆದು, ಅಲ್ಲಿ ಅಕೇಶಿಯಾ ನೆಟ್ಟು, ಹಸಿರು ಮಾಡಿದೆವು ಎಂದರು. 1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಕಾಡು ಉಳಿಸಿದರು. ಅಪ್ಪಿಕೋ ಎಂದರೆ ಇವತ್ತಿಗೂ ನಮಗೆ ಹೆಮ್ಮೆ. ಹುಲ್ಲನ್ನು ಅಪ್ಪಿಕೊಂಡವರು ಯಾರೂ ಇಲ್ಲ. ಮರವಿಲ್ಲದ ನೆಲ ಎಂದರೆ ಏನೂ ಇಲ್ಲದ ನೆಲ ಎಂದು ಪರಿಸರವಾದಿಗಳೂ ಅಂದುಕೊಂಡರು, ಇಲಾಖೆಯೂ ಅಂದುಕೊಂಡಿತು, ಅಡಿಕೆ ಬೆಳೆಗಾರರಾದ ನಾವೂ ಅಂದುಕೊಂಡೆವು. ಈ ಒಂದು ವಿಷಯದಲ್ಲಿ ಮೂವರಿಗೂ ಜಗಳವಿಲ್ಲ. ದನ ಹೋದ ಮೇಲೆ ಹುಲ್ಲು ಯಾರಿಗೆ ಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಭಾನುವಾರಕ್ಕೆ ಎರಡು ತಾಸಿನ ಉತ್ತರ ಇದೆ. ಬಳಸದ ಬಯಲನ್ನು ಉಳಿಸಿ ಎಂದರೆ ಯಾರು ಕೇಳುತ್ತಾರೆ? ಮಕ್ಕಳು ಆಡುವ ಬಯಲಿಗೆ ಗುಂಡಿ ತೋಡಲು ಬಂದವರನ್ನು ಕನಿಷ್ಠ ಒಬ್ಬ ತಾಯಿಯಾದರೂ ಏನು ಮಾಡುತ್ತಿದ್ದೀರಿ ಎಂದು ಕೇಳುತ್ತಾಳೆ.

ದೊಡ್ಡಬಳ್ಳಾಪುರದಲ್ಲಿ ಆಷಾಢ ಏಕಾದಶಿಯ ಹೊತ್ತಿಗೆ ಗುಡ್ಡದ ಮೇಲೆ ಪಟ ಹಾರಿಸುತ್ತಾರೆ, ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಅಂತರರಾಷ್ಟ್ರೀಯ ಉತ್ಸವಗಳೇ ಆಗಿವೆ, ಬೆಳಗಾವಿಯಲ್ಲೂ ಆಗುತ್ತವೆ. ಎಲ್ಲವೂ ಚೆಂದ. ಉತ್ಸವ ನೋಡಲು ಹೋಗಬಹುದು, ಬಸ್ಸು ಹತ್ತಿ ವಾಪಸು ಬರಬಹುದು. ಮಂಗಳವಾರ ಸಂಜೆ ಶಾಲೆ ಬಿಟ್ಟು ಬಂದ ಹನ್ನೊಂದರ ಹುಡುಗಿ ಏನು ಮಾಡಬೇಕು? ಅವಳಿಗೆ ಉತ್ಸವದಿಂದ ಪ್ರಯೋಜನವಿಲ್ಲ. ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಮೂವತ್ತು ಮೀಟರ್ ಅಗಲದ ನೆಲ ಬೇಕು.

ಮೂರನೇ ಕಾರಣ. "ನೀ ಪಿಎಚ್‌ಡಿ ಮುಗಿಸ್ಕ್ಯಂಡು ಹೋಗ್ತೆ. ಆಮೇಲೆ ಈ ಮಕ್ಕಳ ಕೈಲಿ ಪಟ ಕೊಟ್ಟು ಹೋದ್ರೆ ಹೇಳವ್ರು ಕೇಳವ್ರು ಯಾರು?" ಬೀಗದ ಕೈ ಇದ್ದವರು ಇದನ್ನು ಮೆಲ್ಲಗೆ ಹೇಳಿದರು. ಅವರ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಮ್ಮ ಕೇರಿಯ ಹದಿಮೂರು ಮನೆಗಳಲ್ಲಿ ಎಂಟು ಹಾಗೇ ಇವೆ. ಮೊದಲ ಎರಡು ಕಾರಣಗಳಿಗೆ ನನ್ನ ಹಾಳೆಯಲ್ಲಿ ಲೆಕ್ಕ ಇತ್ತು, ಇದಕ್ಕೆ ಇರಲಿಲ್ಲ. ಹೋಗುವುದಿಲ್ಲ ಎಂದು ಹೇಳಿದ್ದರೆ ಸುಳ್ಳಾಗುತ್ತಿತ್ತು. ಕೆಲಸ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಬೇಕು, ಸಿಗುವುದೇ ಅನುಮಾನ. ಅವರಿಗೆ ಹೇಳಿದ್ದು ಇಷ್ಟೇ: ಇಲ್ಲಿ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತ ಬಂದದ್ದರಿಂದಲೇ ಹೋದವರಲ್ಲಿ ಅರ್ಧ ಜನ ಹೋಗಿದ್ದಾರೆ, ನಾನು ಹೋದರೂ ಆ ಮಾತು ನಂಬಿ ಹೋಗುವುದಿಲ್ಲ. ಅವರು ಹಾಳೆ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಬೀಗದ ಕೈ ಕೊಡಲಿಲ್ಲ.

ಹಾಗಾಗಿ ಸದ್ಯಕ್ಕೆ ನಮ್ಮ ಬೇಣವೇ. ನಾಲ್ಕು ಮಕ್ಕಳು ಬರುತ್ತಿದ್ದಾರೆ, ಒಬ್ಬಳ ಎಂಟುಗಳು ನನ್ನದಕ್ಕಿಂತ ನೀಟಾಗಿವೆ. ಗೋಕರ್ಣಕ್ಕೆ ಹೋಗು ಎಂದಿದ್ದ ಅಜ್ಜ ಕಳೆದ ವಾರ ಕೋಲು ಊರಿಕೊಂಡು ಬಂದು ಸುಣ್ಣದ ಗೆರೆಯ ಹೊರಗೆ ನಿಂತು "ಎಷ್ಟುದ್ದ ಅದು?" ಎಂದು ಕೇಳಿದರು. ಆರು ಮೀಟರ್ ಎಂದೆ. "ನಮ್ಮ ಬಾವಿ ಹಗ್ಗಕ್ಕಿಂತ ಗಿಡ್ಡ" ಎಂದು ಸ್ವಲ್ಪ ಹೊತ್ತು ನೋಡಿ, ದನ ಬಂತೆಂದು ಹೊರಟರು. ನೋಡಬೇಕೆನ್ನಿಸಿದವರು ಭಾನುವಾರ ಮೂರೂವರೆಯ ಮೇಲೆ ಬನ್ನಿ. ನೆಲ್ಲಿಮರದ ಪಶ್ಚಿಮಕ್ಕೆ ನಿಲ್ಲಿ. ಪೂರ್ವಕ್ಕೆ ನಿಂತರೆ ಪಟ ತಲೆಯ ಮೇಲೆ ಬೀಳುತ್ತದೆ.